ಕಾಸಿನ ಸರ ತಿಂದ ಅವ್ವ

ಮಂಡ್ಯದ ಸಕ್ಕರೆ ಕಾರ್ಖಾನೆ ಹೊಸದಾಗಿ ಹೊಗೆ ಬಿಡುತ್ತಿದ್ದ ಕಾಲ. ನಾನು ಮಳವಳ್ಳಿಯಲ್ಲಿ ವೈದ್ಯ. ನಾರುಬೇರು ಕೊಟ್ಟರೆ ಯಾರೂ ತಕರಾರು ಮಾಡರು. ಅದಕ್ಕೆ ಚೂರು ಲೋಹ ಸೇರಿಸಿದೆನೋ, ಜನರ ತಲೆ ಕೆಡುತ್ತದೆ. ಆ ಒಂದು ಮನೆಯಲ್ಲಂತೂ ನನ್ನ ತಲೆಯೇ ಕೆಟ್ಟಿತು.

೧. ಕಬ್ಬಿಣ

ಒಬ್ಬಳು ಅವ್ವ, ಬೇರೆಯಾದ ಇಬ್ಬರು ಮಕ್ಕಳು. ಅವ್ವ ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ. ತಿಂಗಳು ಮುಗಿಯುವ ಮೊದಲೇ ಅವಳ ಹಾಸಿಗೆ ಸುತ್ತಿ ಜಗಲಿಗಿಡುತ್ತಿದ್ದರು. ಪಾಪ, ಮುದುಕಿ ಊಟ ಬಿಟ್ಟು ಬಿಳಿಚಿಕೊಂಡಿದ್ದಳು.

"ರಕ್ತ ಇಲ್ಲ. ಕಬ್ಬಿಣವನ್ನು ತ್ರಿಫಲದ ಕಷಾಯದಲ್ಲಿ ಅರೆದು, ಸುಟ್ಟು, ಭಸ್ಮ ಮಾಡಬೇಕು. ತಡವಾಗುತ್ತೆ" ಎಂದೆ.

ದೊಡ್ಡ ಮಗನಿಗೆ ತಾಳ್ಮೆಯೆಲ್ಲಿ? ಮಾರನೇ ದಿನ ಹೋದರೆ ನೇಗಿಲ ಗುಳವನ್ನೇ ಕಷಾಯದಲ್ಲಿ ಕುದಿಸುತ್ತಿದ್ದಾನೆ!

"ಏನಯ್ಯಾ ಇದು?"

"ಬೆಳಗ್ಗಿಂದ ಬೇಯಿಸ್ತಾವ್ನಿ, ಇನ್ನೂ ಮೆತ್ಗಾಗಿಲ್ಲ ಕಣ್ ಸೋಮಿ."

೨. ಚಿನ್ನ

ಚಿಕ್ಕವನು ಕಾರ್ಖಾನೆಗೆ ಕಬ್ಬು ಹಾಕಿ ಕೈ ಬೆಚ್ಚಗೆ ಮಾಡಿಕೊಂಡಿದ್ದ. "ಕಬ್ಣ ಯಾಕೆ? ನಮ್ಮವ್ವಂಗೆ ಚಿನ್ನಾನೇ ಕೊಡಿ" ಎಂದು ಅವ್ವನದೇ ಕಾಸಿನ ಸರ ತಂದ. ಭಲೇ ಮಗ!

ಅದನ್ನು ತಗಡು ಮಾಡಿ, ಮಂದಾರದ ತೊಗಟೆ ರಸದಲ್ಲಿ ಅರೆದು, ಬೆರಣಿ ಬೆಂಕಿಯಲ್ಲಿ ಮತ್ತೆಮತ್ತೆ ಸುಡುವಷ್ಟರಲ್ಲಿ ನನ್ನ ಬೆನ್ನು ಬಿದ್ದುಹೋಯಿತು. ಕೊನೆಗೆ ಇಟ್ಟಿಗೆ ಬಣ್ಣದ ಪುಡಿ ತೋರಿಸಿದೆ.

"ಸರ ಎಲ್ಲಿ?"

"ಇದೇ ಸರ."

"ಒಳೀತಾನೇ ಇಲ್ವಲ್ಲ!"

"ಹೊಳೆದರೆ ಅದು ಒಡವೆ ಕಣಯ್ಯಾ, ಔಷಧಿಯಲ್ಲ!"

ಅವನು ಯೋಚನೆ ಮಾಡಿ ಕೇಳಿದ: "ಅವ್ವ ತಿಂದ್ಮೇಲೆ ವಾಪಸ್ ಯಾವಾಗ ಬತ್ತದೆ?"

೩. ಅವ್ವ

ದಿನಾ ಒಂದು ಚಿಟಿಕೆ ಜೇನಿನಲ್ಲಿ ಕಲಸಿ ತಿನ್ನು ಎಂದು ಪೊಟ್ಟಣವನ್ನು ಅವ್ವನ ಕೈಗೇ ಕೊಟ್ಟೆ. ಆ ತಿಂಗಳು ಚಿಕ್ಕವನ ಸರದಿ. ತಿಂಗಳು ಮುಗಿದರೂ ಹಾಸಿಗೆ ಜಗಲಿಗೆ ಬರಲಿಲ್ಲ. ದೊಡ್ಡವನೇ ಗಾಡಿ ಕಟ್ಟಿಕೊಂಡು ಬಂದ.

"ಅವ್ವನ್ನ ನಮ್ಮನೇಗ್ ಕಳ್ಸ್ಲಾ! ಸರದಲ್ಲಿ ನಂಗೂ ಪಾಲೈತೆ."

"ಓಗಣ್ಣೋ! ಚಿನ್ನ ನಮ್ಮನೇಲಿ ತಿಂದವ್ಳೆ!"

ಚಿಕ್ಕ ಸೊಸೆ ಬಿಸಿ ಮುದ್ದೆ ಹಿಡಿದು ನಿಂತರೆ, ದೊಡ್ಡ ಸೊಸೆ ಆಚೆ ಬೀದಿಯಿಂದ ಕೋಳಿಸಾರು ಹೊತ್ತು ತಂದಳು. "ಅತ್ತೆಮ್ಮಾ, ಒಂದ್ ತುತ್ತು ಉಣ್ಣಿ!" ಅವ್ವನ ಕೆನ್ನೆ ತುಂಬಿತು, ಕಣ್ಣಲ್ಲಿ ಕಳೆ ಬಂತು.

ನನ್ನ ಭಸ್ಮ ಗೆದ್ದಿತೆಂದು ಬೀಗುತ್ತಾ ನಾಡಿ ಹಿಡಿಯಲು ಕೂತೆ. ಅವ್ವ ಆಚೀಚೆ ನೋಡಿ, ದಿಂಬಿನಡಿಯಿಂದ ಪೊಟ್ಟಣ ತೆಗೆದಳು. ಒಂದು ಚಿಟಿಕೆಯೂ ಖರ್ಚಾಗಿಲ್ಲ! ನಾನು ಬಾಯಿ ಬಿಡುವ ಮೊದಲೇ ಕೈಯ ಎರಡೂ ಚಿನ್ನದ ಬಳೆ ಕಳಚಿ ನನ್ನ ಅಂಗೈಗೆ ತುರುಕಿದಳು.

"ಇವನ್ನೂ ಸುಟ್ಕೊಡಿ ಪಂಡಿತ್ರೇ. ಚಿಕ್ಕೋಳು ಮುದ್ದೆಗೆ ಇನ್ನೂ ತುಪ್ಪ ಆಕ್ತಿಲ್ಲ."