ದ್ವಾರಪಾಲಕನ ಕೊರಳಿಗೆ ಬಿದ್ದ ಹಾರ

ಎತ್ತರವಾಗಿರುವುದು ದೊಡ್ಡ ಭಾಗ್ಯ ಎಂದು ನಂಬಿರುವವರೆಲ್ಲ ಕುಳ್ಳಗಿರುವವರು. ನಮ್ಮಂಥವರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ನೆಂಟರ ಮನೆಗೆ ಹೋದರೆ ಅಟ್ಟದ ಮೇಲಿನ ಪಾತ್ರೆ ಇಳಿಸುವುದಕ್ಕೆ ನಾವು ಬೇಕು. ಫೋಟೊ ತೆಗೆಯುವಾಗ ಮಾತ್ರ "ನೀನು ಸ್ವಲ್ಪ ಹಿಂದೆ ಹೋಗಮ್ಮ" ಎನ್ನುತ್ತಾರೆ. ನನ್ನ ಶಾಲೆಯ ಗ್ರೂಪ್ ಫೋಟೊಗಳಲ್ಲೆಲ್ಲ ನಾನು ಕೊನೆಯ ಸಾಲಿನಲ್ಲಿ, ಹುಡುಗರ ಮಧ್ಯೆ, ತಪ್ಪು ಬಸ್ಸು ಹತ್ತಿದವಳ ಮುಖ ಮಾಡಿಕೊಂಡು ನಿಂತಿದ್ದೇನೆ. ಹತ್ತನೇ ಕ್ಲಾಸು ಮುಗಿಯುವ ಹೊತ್ತಿಗೆ ಐದು ಅಡಿ ಹತ್ತು ಇಂಚು ಮುಟ್ಟಿದ್ದೆ. ನಮ್ಮಜ್ಜಿ ದಿನಾ ದೇವರ ಮುಂದೆ ನಿಂತು "ಇಷ್ಟು ಸಾಕಪ್ಪಾ" ಎಂದು ಕೈಮುಗಿಯುತ್ತಿದ್ದಳು. ಅದು ಅವಳ ಸಂತೃಪ್ತಿ ಎಂದುಕೊಂಡಿದ್ದೆ. ನನ್ನ ಎತ್ತರದ ವಿಷಯವಾಗಿ ಸಲ್ಲಿಸುತ್ತಿದ್ದ ಅರ್ಜಿ ಎಂದು ಆಮೇಲೆ ಗೊತ್ತಾಯಿತು.

ಇಂಥ ನನಗೆ ಸಾಗರದಲ್ಲಿ ಪಿಯುಸಿ ಓದುವಾಗ ರಾಜಕುಮಾರಿಯಾಗುವ ಆಸೆ ಹುಟ್ಟಿತು. ನಿಜವಾದ ರಾಜಕುಮಾರಿಯಲ್ಲ, ನಾಟಕದ್ದು. ನಮ್ಮ ಕನ್ನಡದ ಮೇಷ್ಟ್ರು ನಾಗರಾಜ ಸರ್ ಒಂದು ಸ್ವಯಂವರದ ನಾಟಕ ಬರೆದಿದ್ದರು. ತೀರ್ಥಹಳ್ಳಿಯಲ್ಲಿ ನಡೆಯುವ ಅಂತರಕಾಲೇಜು ಸ್ಪರ್ಧೆಗೆ ಅದನ್ನು ಒಯ್ಯುವುದೆಂದು ತೀರ್ಮಾನವಾಗಿತ್ತು. ಪಾತ್ರ ಹಂಚುವ ದಿನ ನಾನು ಅಮ್ಮನ ಝುಮುಕಿ ಹಾಕಿಕೊಂಡು ಹೋಗಿ ಮುಂದೆಯೇ ಕೂತೆ. ಸರ್ ನನ್ನನ್ನು ನೋಡಿದರು, ಗೆಲ್ಲುವ ರಾಜಕುಮಾರನ ಪಾತ್ರಕ್ಕೆ ಆರಿಸಿದ್ದ ಸುಹಾಸನನ್ನು ನೋಡಿದರು. ಅವನ ತಲೆ ನನ್ನ ಭುಜದ ಹತ್ತಿರಕ್ಕೆ ಬರುತ್ತಿತ್ತು. ಕೊನೇ ದೃಶ್ಯದಲ್ಲಿ ರಾಜಕುಮಾರಿ ರಾಜಕುಮಾರನ ಭುಜಕ್ಕೆ ಒರಗಬೇಕು, ನಮ್ಮಲ್ಲಿ ಅದು ತಿರುವುಮುರುವಾಗುತ್ತದೆ ಎಂದು ಬಹಳ ಬೇಸರದಿಂದ ಹೇಳಿ, ನನಗೆ ದ್ವಾರಪಾಲಕನ ಪಾತ್ರ ಕೊಟ್ಟರು. ಒಂದು ಮೀಸೆ, ಒಂದು ಈಟಿ, ಎರಡು ಮಾತು. ಒಂದನೆಯದು "ಮಹಾಪ್ರಭುಗಳಿಗೆ ಜಯವಾಗಲಿ". ಎರಡನೆಯದು "ಅಪ್ಪಣೆ".

ರಾಜಕುಮಾರಿಯ ಪಾತ್ರ ಹೋದದ್ದು ರಶ್ಮಿಗೆ. ಯಾರೋ ಬೇರೆಯವಳಿಗೆ ಹೋಗಿದ್ದರೆ ಸಲೀಸಾಗಿ ದ್ವೇಷಿಸಬಹುದಿತ್ತು. ರಶ್ಮಿ ನನ್ನ ಪಕ್ಕದಲ್ಲೇ ಕೂರುವವಳು. ಹೊಸನಗರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು, ತನ್ನ ಡಬ್ಬಿಯ ಅವಲಕ್ಕಿಯಲ್ಲಿ ಅರ್ಧ ನನಗೆ ಕೊಡುತ್ತಿದ್ದಳು. ಅವಳಿಗೊಂದು ದಪ್ಪ ಕನ್ನಡಕವಿತ್ತು. ರಾಜಕುಮಾರಿಗೆ ಕನ್ನಡಕ ಹಾಕಿದರೆ ಬ್ಯಾಂಕಿನ ಮ್ಯಾನೇಜರ್ ಥರ ಕಾಣುತ್ತಾಳೆ ಎಂದು ಸರ್ ತಕರಾರು ತೆಗೆದಾಗ, ಅದು ಓದುವುದಕ್ಕೆ ಮಾತ್ರ ಸರ್, ಉಳಿದಂತೆ ಎಲ್ಲ ಕಾಣುತ್ತದೆ ಎಂದು ಹೇಳಿ ತೆಗೆದಿಟ್ಟೇಬಿಟ್ಟಳು. ರಿಹರ್ಸಲ್‌ನಲ್ಲಿ ಅವಳು ಹಾರ ಹಿಡಿದು ನಿಧಾನವಾಗಿ, ತುಟಿ ಮಿಸುಕಿಸುತ್ತಾ ನಡೆದು ಬರುವ ಚೆಂದವನ್ನು ಸರ್ ಎಲ್ಲರಿಗೂ ತೋರಿಸಿ ಹೊಗಳುತ್ತಿದ್ದರು. ನಾನು ಬಾಗಿಲಲ್ಲಿ ಈಟಿ ಹಿಡಿದು ಅದನ್ನು ನೋಡುತ್ತಾ ನಿಂತಿರುತ್ತಿದ್ದೆ. ಎರಡೇ ವಾರದಲ್ಲಿ ಅವಳ ಮಾತುಗಳೆಲ್ಲ ನನಗೂ ಬಾಯಿಪಾಠವಾಗಿದ್ದವು. ಅವಲಕ್ಕಿ ತಿನ್ನುವುದನ್ನು ಮಾತ್ರ ನಾನು ನಿಲ್ಲಿಸಿರಲಿಲ್ಲ. ನನ್ನ ದ್ವೇಷಕ್ಕೂ ಒಂದು ಮಿತಿಯಿತ್ತು.

ಈಗ ನಾನು ಮಾಡಿದ ಘನಕಾರ್ಯ ಹೇಳುತ್ತೇನೆ. ಒಂದು ಶನಿವಾರ ಸರ್ ನನ್ನನ್ನು ಕರೆದು, ನಾಳೆ ರಿಹರ್ಸಲ್ ಹನ್ನೊಂದಕ್ಕಲ್ಲ, ಒಂಬತ್ತಕ್ಕೆ, ರಶ್ಮಿ ಆಗಲೇ ಬಸ್ಸಿಗೆ ಹೋಗಿದ್ದಾಳೆ, ಫೋನ್ ಮಾಡಿ ತಿಳಿಸಿಬಿಡು ಎಂದರು. ಆಗಲಿ ಸರ್ ಎಂದೆ. ಫೋನ್ ಮಾಡಲಿಲ್ಲ. ಮರೆತೆ ಎಂದು ಬರೆಯಬಹುದಿತ್ತು, ಆದರೆ ಮರೆತವಳು ಮರುದಿನ ಎಂಟೂವರೆಗೇ ತಲೆಗೆ ಹೂ ಮುಡಿದುಕೊಂಡು ಹೋಗಿ ಕೂರುವುದಿಲ್ಲ. ರಶ್ಮಿ ಬರಲಿಲ್ಲವೆಂದು ಸರ್ ಚಡಪಡಿಸುವಾಗ, ಅವಳು ಬರುವವರೆಗೆ ಮಾತು ನಾನು ಹೇಳುತ್ತೇನೆ ಎಂದೆ. ಎರಡು ಗಂಟೆ ಹೊತ್ತು ನಾನು ರಾಜಕುಮಾರಿಯಾಗಿದ್ದೆ. ನನ್ನ ಪ್ರಕಾರ ಅದ್ಭುತವಾಗಿತ್ತು. ಸರ್ ಮಾತ್ರ ಕಿವಿಯ ಹತ್ತಿರ ಕೈ ಇಟ್ಟುಕೊಂಡು, ಒಂದಕ್ಷರವೂ ತಪ್ಪಿಲ್ಲ, ಆದರೆ ಪ್ರೇಮ ನಿವೇದನೆ ಮಾಡುವುದು ಹೊನ್ನೆಮರಡಿನ ಹಿನ್ನೀರಿನ ಆಚೆ ದಡದವರನ್ನು ಕೂಗಿ ಕರೆದ ಹಾಗಿದೆ ಎಂದರು. ಸುಹಾಸ ಎರಡು ಹೆಜ್ಜೆ ಹಿಂದೆ ಸರಿದೇ ನಿಂತಿದ್ದ. ಹನ್ನೊಂದಕ್ಕೆ ರಶ್ಮಿ ಬಾಗಿಲಲ್ಲಿ ಕಂಡಳು. ಯಾಕೆ ತಡ ಎಂದು ಸರ್ ಗದರಿದರು. ಅವಳು ಒಂದು ಸಲ ನನ್ನ ಕಡೆ ನೋಡಿ, "ಮರ್ತೋಗಿತ್ತು ಸರ್, ನಂದೇ ತಪ್ಪು" ಎಂದಳು. ಆ ಮಧ್ಯಾಹ್ನವೂ ಅವಳು ಅವಲಕ್ಕಿ ಕೊಟ್ಟಳು. ಹಸಿವಿಲ್ಲ ಎಂದು ಡಬ್ಬಿಯನ್ನು ಅವಳ ಕಡೆಗೇ ಸರಿಸಿದೆ.

ಅಲ್ಲಿಂದ ತೀರ್ಥಹಳ್ಳಿಗೆ ಹೋಗುವ ದಿನದವರೆಗೂ ನಾನು ಅವಳ ಜೊತೆ ಹವಾಮಾನದ ಬಗ್ಗೆ ಮಾತ್ರ ಮಾತಾಡಿದೆ. ಆಗುಂಬೆಯಲ್ಲಿ ಮಳೆಯಂತೆ ಎಂದು ನಾನು ಹೇಳುವುದು, ಹೌದಂತೆ ಎಂದು ಅವಳು ಹೇಳುವುದು. ಆಗುಂಬೆಯಲ್ಲಿ ಯಾವತ್ತು ಮಳೆಯಿಲ್ಲ?

ನಮ್ಮ ನಾಟಕದ ಸರದಿ ಮಧ್ಯಾಹ್ನ ಮೂರಕ್ಕೆ ಬಂತು. ಪರದೆ ಏಳಲು ಐದು ನಿಮಿಷವಿದೆ ಎನ್ನುವಾಗ ರಶ್ಮಿ ನನ್ನನ್ನು ಮೂಲೆಗೆ ಎಳೆದಳು. ಕನ್ನಡಕ ತೆಗೆದು ನನ್ನ ಕೈಗಿಟ್ಟಳು.

"ನಂಗೆ ಏನೂ ಕಾಣಲ್ಲ ಮಾರಾಯ್ತಿ" ಎಂದಳು. "ಓದೋಕೆ ಮಾತ್ರ ಅಂದಿದ್ದು ಸುಳ್ಳು. ಕಾಲೇಜಲ್ಲಿ ಹನ್ನೊಂದು ಹೆಜ್ಜೆ ಎಣಿಸ್ಕೊಂಡು ಸುಹಾಸನ ಹತ್ರ ಬರ್ತಿದ್ದೆ. ಈ ಸ್ಟೇಜು ನೋಡು, ಎಷ್ಟು ದೊಡ್ಡದಿದೆ."

ಎಲ್ಲರೂ ಹೊಗಳಿದ ಆ ತುಟಿ ಮಿಸುಕುವ ಚೆಂದ ಲೆಕ್ಕ ಹಾಕುವುದಾಗಿತ್ತು! ಕನ್ನಡಕ ಹಾಕಿಕೊಂಡೇ ಬಾ ಎಂದೆ. ಪಾತ್ರ ಹೋಗುತ್ತದೆ ಎಂದು ಇಷ್ಟು ದಿನ ಮುಚ್ಚಿಟ್ಟು, ಈಗ ಸರ್ ಎದುರು ಹಾಕಿಕೊಳ್ಳುವುದು ಹೇಗೆ ಎಂದಳು. ನನಗೂ ಹೇಳಬೇಕಾದದ್ದೊಂದಿತ್ತು. ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಯಿತು.

ಕೊನೆಯ ದೃಶ್ಯ ಬಂತು. ಮೂವರು ರಾಜಕುಮಾರರು ಆ ತುದಿಯಲ್ಲಿ ಸಾಲಾಗಿ ನಿಂತಿದ್ದರು. ಈ ತುದಿಯ ಬಾಗಿಲಲ್ಲಿ ನಾನು, ಮೀಸೆಯ ಅಂಟು ತುರಿಸುತ್ತಿದ್ದರೂ ಅಲ್ಲಾಡದೆ ನಿಂತಿದ್ದೆ. ರಶ್ಮಿ ಹಾರ ಹಿಡಿದು ಬಂದಳು. ಹನ್ನೊಂದು ಹೆಜ್ಜೆ ಮುಗಿದವು. ಅವಳೀಗ ರಂಗದ ನಟ್ಟನಡುವೆ, ಎದುರಿಗೆ ಯಾರೂ ಇಲ್ಲದ ಜಾಗದಲ್ಲಿದ್ದಳು. ಹಾರ ಎತ್ತಿದಳು. ಕೈ ಗಾಳಿಯಲ್ಲಿ ತಡವರಿಸಿ ಕೆಳಗಿಳಿಯಿತು. ಸಭೆಯಲ್ಲಿ ಯಾರೋ ಕೆಮ್ಮಿದರು. ಆ ಕ್ಷಣ ನನ್ನೊಳಗೆ ಒಬ್ಬಳು, ಝುಮುಕಿ ಹಾಕಿಕೊಂಡವಳು, ಸಣ್ಣಗೆ ಖುಷಿಪಟ್ಟಳು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಅಷ್ಟರಲ್ಲಿ ರಶ್ಮಿ ನಿಧಾನವಾಗಿ ತಿರುಗಿದಳು. ರಾಜಕುಮಾರರಿಗೆ ಬೆನ್ನು ಹಾಕಿ ನೆಟ್ಟಗೆ ನನ್ನ ಕಡೆ ನಡೆದು ಬಂದಳು. ತುದಿಗಾಲಲ್ಲಿ ನಿಂತು ನನ್ನ ಕೊರಳಿಗೆ ಹಾರ ಹಾಕಿದಳು.

ಸುಹಾಸನ ಬಾಯಿ ತೆರೆದಿತ್ತು. ಪಕ್ಕದ ಪರದೆಯ ಹಿಂದೆ ನಾಗರಾಜ ಸರ್ ತಲೆ ಮೇಲೆ ಕೈಹೊತ್ತು ಕೂತದ್ದು ನನಗೆ ಕಾಣಿಸಿತು. ಸಭೆಯಲ್ಲಿ ನಗು ಶುರುವಾಯಿತು. ರಶ್ಮಿಯ ಗದ್ದ ನಡುಗುತ್ತಿತ್ತು, ಇನ್ನೊಂದು ಗಳಿಗೆಗೆ ಅಳುತ್ತಾಳೆ. ನಾನು ಈಟಿಯನ್ನು ಹಲಗೆಗೆ ಬಲವಾಗಿ ಕುಟ್ಟಿದೆ. ಆಮೇಲೆ ಹಿನ್ನೀರಿನ ಆಚೆ ದಡಕ್ಕೂ ಕೇಳುವ ನನ್ನ ದನಿಯಲ್ಲಿ, "ಸಭಿಕರು ಕೇಳಬೇಕು! ಬಂದ ಮೂವರಲ್ಲಿ ಯಾರೂ ರಾಜಕುಮಾರಿಗೆ ಒಪ್ಪಿಗೆಯಾಗಿಲ್ಲ. ಹಾರವನ್ನು ಬಾಗಿಲಲ್ಲಿ ಬಿಟ್ಟಿದ್ದಾರೆ. ಬಾಗಿಲಿನ ಜೊತೆ ಇದನ್ನೂ ನಾನೇ ಕಾಯುತ್ತೇನೆ" ಎಂದೆ.

ನಗು ತಟ್ಟನೆ ನಿಂತಿತು. ರಶ್ಮಿ ಒಂದು ಉಸಿರು ಎಳೆದುಕೊಂಡು ಸಭೆಯ ಕಡೆ ತಿರುಗಿ, "ಹೌದು. ಬೇಕಾದಾಗ ನಾನೇ ಬಂದು ಕೇಳುತ್ತೇನೆ" ಎಂದಳು. ಮೊದಲು ಚಪ್ಪಾಳೆ ಹೊಡೆದದ್ದು ಹಿಂದಿನ ಬೆಂಚಿನ ಹುಡುಗಿಯರು. ಆಮೇಲೆ ಇಡೀ ಸಭೆ.

ನಮಗೆ ಎರಡನೇ ಬಹುಮಾನ ಬಂತು. ಹೆಣ್ಣಿನ ಆಯ್ಕೆಯ ಪ್ರಶ್ನೆಯನ್ನು ಇಷ್ಟು ದಿಟ್ಟವಾಗಿ ಮುಗಿಸಿದ್ದಕ್ಕೆ ತೀರ್ಪುಗಾರರು ನಾಟಕಕಾರರನ್ನು ವಿಶೇಷವಾಗಿ ಅಭಿನಂದಿಸಿದರು. ನಾಗರಾಜ ಸರ್ ಎದ್ದು ನಿಂತು, ಆ ಕೊನೆ ಬರೆಯುವಾಗ ತಮಗೂ ಸ್ವಲ್ಪ ಅಳುಕಿತ್ತು ಎಂದು ವಿನಯದಿಂದ ತಲೆ ಬಾಗಿಸಿದರು.

ಹಿಂತಿರುಗುವಾಗ ಟೆಂಪೊದ ಕೊನೇ ಸೀಟಿನಲ್ಲಿ ಭಾನುವಾರದ ವಿಷಯವನ್ನು ಒಪ್ಪಿಕೊಂಡೆ. ರಶ್ಮಿ ಗೊತ್ತಿತ್ತು ಎಂದಳು. ಅವತ್ತು ಅವಳು ಬಂದು ಹತ್ತು ನಿಮಿಷ ಹೊರಗೇ ನಿಂತು ನನ್ನ ರಾಜಕುಮಾರಿಯನ್ನು ಕೇಳಿದ್ದಳಂತೆ. ಸಿಟ್ಟು ಬರಲಿಲ್ಲವಾ ಎಂದೆ. ಬಂತು, ಆದರೆ ಅಷ್ಟು ಕೆಟ್ಟದಾಗಿ ಮಾಡುತ್ತಿದ್ದೆಯಲ್ಲ, ಪಾಪ ಅನ್ನಿಸಿತು ಎಂದಳು. ಮತ್ತೆ, ನಿಜವಾಗಲೂ ನನ್ನನ್ನು ಸುಹಾಸ ಅಂದುಕೊಂಡೆಯಾ ಎಂದು ಕೇಳಿದೆ.

"ಮುಖ ಯಾರದ್ದೂ ಕಾಣ್ತಿರ್ಲಿಲ್ಲ" ಎಂದಳು. "ಎಲ್ರಿಗಿಂತ ಉದ್ದಕ್ಕೆ ಒಂದು ಕಾಣ್ತಿತ್ತು. ಅದು ನೀನೇ ಅಂತ ಗೊತ್ತಿತ್ತು. ನಿನ್ ಹತ್ರ ಬಂದ್ರೆ ಏನಾದ್ರೂ ಮಾಡ್ತೀಯ ಅಂತ ಬಂದೆ."

ಹೊಸನಗರದಲ್ಲಿ ಅವಳು ಇಳಿದು ಹೋದ ಮೇಲೂ ನಾನು ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂತಿದ್ದೆ. ಅದಕ್ಕೆ ಮುಂಚೆ ಗೂನು ಹಾಕಿಕೊಂಡು ಕೂರುತ್ತಿದ್ದೆ ಎಂಬುದು ಕೂಡ ನನಗೆ ಅವತ್ತೇ ಗೊತ್ತಾದದ್ದು. ಮರುವರ್ಷ ರಶ್ಮಿ ಕನ್ನಡಕ ಹಾಕಿಕೊಂಡೇ ಮಹಾರಾಣಿಯಾದಳು. ಬ್ಯಾಂಕಿನ ಮ್ಯಾನೇಜರ್ ಥರವೇ ಕಂಡಳು, ಯಾರೂ ಎದುರು ಮಾತಾಡಲಿಲ್ಲ. ನಾನು ರಾಕ್ಷಸನ ಪಾತ್ರವನ್ನು ಬಾಯಿಬಿಟ್ಟು ಕೇಳಿ ಪಡೆದೆ. ಮೈಕು ಬೇಕಾಗಲಿಲ್ಲ.

ರಶ್ಮಿ ಈಗ ಹೊಸನಗರದಲ್ಲಿ ಹೈಸ್ಕೂಲ್ ಟೀಚರ್. ಹೋದ ತಿಂಗಳು ಮಕ್ಕಳ ನಾಟಕಕ್ಕೆ ಬಣ್ಣ ಹಚ್ಚಲು ನನ್ನನ್ನು ಕರೆದಿದ್ದಳು. ಹಿಂದಿನ ಸಾಲಿನಲ್ಲಿ ಒಬ್ಬ ಉದ್ದನೆಯ ಹುಡುಗಿ ಮಾತಿಲ್ಲದೆ ನಿಂತಿದ್ದಳು. ನನ್ನ ಕರುಳು ಚುರ್ ಎಂದಿತು. ಇಂಥ ಮಕ್ಕಳನ್ನು ನಾವು ಹಿಂದೆ ತಳ್ಳಬಾರದು, ಇವಳಿಗೆ ಮುಖ್ಯ ಪಾತ್ರ ಕೊಡಲೇಬೇಕು ಎಂದು ಕಾಲು ಗಂಟೆ ಭಾಷಣ ಬಿಗಿದು ರಶ್ಮಿಯನ್ನು ಒಪ್ಪಿಸಿದೆ. ಕಣ್ಣೊರೆಸಿಕೊಂಡು ಹೊರಗೆ ಬಂದರೆ ಆ ಹುಡುಗಿ ಕಾಯುತ್ತಿದ್ದಳು. ಕೃತಜ್ಞತೆ ಹೇಳುವುದಕ್ಕೆ ಬಂದಿದ್ದಾಳೆಂದು ನಾನು ಅದಕ್ಕೆ ತಕ್ಕ ಮುಖ ಮಾಡಿಕೊಂಡೆ.

"ಆಂಟಿ, ನಂಗೆ ನಾಟಕ ಅಂದ್ರೆ ಇಷ್ಟ ಇಲ್ಲ" ಎಂದಳು ಅವಳು. "ಹಿಂದೆ ನಿಂತ್ರೆ ಬೇಗ ಬಿಡ್ತಾರೆ, ವಾಲಿಬಾಲಿಗೆ ಹೋಗ್ಬಹುದು ಅಂತ ನಾನೇ ಕೇಳ್ಕೊಂಡಿದ್ದೆ. ಈಗ ನೀವೇ ಮಿಸ್ ಹತ್ರ ಹೋಗಿ ಸರಿ ಮಾಡಿ."

ಹೋಗಿ ಸರಿ ಮಾಡಿ ಬಂದೆ. ಆಂಟಿ ಎಂದದ್ದನ್ನು ಮಾತ್ರ ಇನ್ನೂ ಕ್ಷಮಿಸಿಲ್ಲ.