ಹೊಲಿಗಿ ಬಿಚ್ಚೋತನಕ ನಗಬಾರದು

ಯಾವುದು ಬ್ಯಾಡ ಅಂತೀವೋ ಅದೇ ನಮ್ಮ ಮನಿ ಹುಡುಕ್ಕೊಂಡು ಬರ್ತದ. ನಮ್ಮ ವಾಡಿ ಊರಾಗ ಇಷ್ಟು ಮನಿ ಇದ್ರೂ ನಮ್ಮದೇ ಬೇಕು ಅದಕ್ಕ. ನಮ್ಮ ಯಜಮಾನ್ರಿಗೆ ಹರ್ನಿಯಾ ಆಪರೇಷನ್ ಆದಾಗೂ ಹಂಗೇ ಆತು.

೧. ಬಾಜು ಮಂಚದವ

ಆಪರೇಷನ್ ಶಹಾಬಾದದಾಗ. ಡಾಕ್ಟರು ಹೇಳಿದ್ರು, "ಹತ್ತು ದಿನ ಭಾರ ಎತ್ತಬಾರದು, ಕೆಮ್ಮಬಾರದು, ಜೋರಾಗಿ ನಗಬಾರದು. ಹೊಲಿಗಿ ಬಿಚ್ಚತಾವ."

"ಲಗ್ನದ ಫೋಟೋದಾಗೇ ನಕ್ಕಿಲ್ರಿ ಇವ್ರು" ಅಂದೆ.

ಅಷ್ಟರಾಗ ಬಾಜು ಮಂಚದವ ಮೊಬೈಲ್‌ನ್ಯಾಗ ಸಿನಿಮಾ ಹಚ್ಚಿದ. ಒಬ್ಬ ಚೀನಾದವನ ಕಾಲು ಬಕೀಟಿನ್ಯಾಗ ಸಿಕ್ಕೊಂಡಿತ್ತು, ಅದೇ ಕಾಲಿಲೆ ಮಂದಿಗೆ ಒದೀಲಿಕತ್ತಿದ್ದ. ನಮ್ಮವರ ಮೀಸಿ ನಡುಗಿತು. ನಲವತ್ತು ವರ್ಷದಾಗ ಆ ಮೀಸಿ ಅಲುಗಿದ್ದು ನಾ ನೋಡಿಲ್ಲ! ಗಾಬರಿಯಾಗಿ ಸೆರಗು ಹರವಿ ಎರಡೂ ಮಂಚದ ನಡುವ ಪರದಾ ಹಿಡಿದೆ. ಬಡಿದಾಡಿದವ ಚೀನಾದವ, ಬೆವತಾಕಿ ನಾ.

೨. ಮಾತಾಡ್ಸಾಕ ಬಂದಾಕಿ

ಮನಿಗೆ ಬಂದ್ವಿ. ಎದುರು ಮನ್ಯಾಕಿ ಬಿಸ್ಕಿಟ್ ಪುಡಾ ಹಿಡಕೊಂಡು ನೋಡಾಕ ಬಂದ್ಲು. "ಕಾಕಾರಿಗೆ ಬ್ಯಾಸರಾಗ್ತದ" ಅಂತ ತಾನೇ ಟಿವಿ ಹಚ್ಚಿದ್ಲು. ಅಲ್ಲೂ ಅಂಥದೇ ಸಿನಿಮಾ! ಬಂದಾಕಿ ಬಿದ್ದು ಬಿದ್ದು ನಕ್ಕು ಕಣ್ಣೀರು ಒರೆಸಿಕೊಂಡ್ಲು. ಆಕಿ ಅತ್ತಿ ಸತ್ತಾಗ ಅದೇ ಕಣ್ಣಾಗ ಒಂದು ಹನಿ ಇರಲಿಲ್ಲ, ಓಣಿಯೆಲ್ಲಾ ನೋಡ್ಯದ. ನಮ್ಮವರು ದಿಂಬು ಕಚ್ಚಿಕೊಂಡಿದ್ರು. ಬಿಸ್ಕಿಟ್ ಪುಡಾನೂ ಆಕೀನೇ ತಿಂದು ಹೋದ್ಲು.

೩. ಸೇಡಂನ ಮೈದುನ

ನಾ ಟಿವಿ ವಾಯರ್ ಕಿತ್ತಿಟ್ಟೆ. ಮರುದಿನ ಸೇಡಂನಿಂದ ಮೈದುನ ಬಂದ, ಅಣ್ಣಗ ತೋರಿಸಾಕ ಮೊಬೈಲ್ ತುಂಬ ಅವೇ ಸಿನಿಮಾ ತುಂಬ್ಕೊಂಡು!

"ಆ ಚೀನಾದವರ ಮಾತು ನಿನಗ ತಿಳೀತದೇನೋ?" ಅಂದೆ.

"ಒದಿಸಿಕೊಂಡವನ ಮಾರಿ ನೋಡಿದ್ರ ಸಾಕು, ವೈನಿ. ಅದಕ್ಕ ಭಾಷಾ ಯಾಕ? ದುನಿಯಾ ಎಲ್ಲಾ ನೋಡಿ ನಗ್ತದ."

"ದುನಿಯಾಕ್ಕ ಹೊಟ್ಟಿ ಕೊಯ್ದಿಲ್ಲೋ, ನಿಮ್ಮಣ್ಣಗ ಕೊಯ್ದಾರ!" ಅಂದೆ. ಮೈದುನ ನಕ್ಕ. ನಾ ನಗಲಿಲ್ಲ. ಮುಂಜಾನಿ ಸಂಜಿ ಪಟ್ಟಿ ಹಣಿಕಿ ನೋಡಿ, ರಕ್ತ ಬಂದದೇನೋ ಅಂತ ಜೀವಾ ಕೈಯಾಗ ಹಿಡಕೊಂಡಾಕಿ ನಾ.

೪. ಹತ್ತನೇ ದಿನ

ಡಾಕ್ಟರು ಪಟ್ಟಿ ಬಿಚ್ಚೂಮುಂದ, ಬೈತಾರಂತ ಅಂಜಿ, ಬಕೀಟು, ಟಿವಿ, ಮೈದುನ ಎಲ್ಲಾ ಮೊದಲೇ ಹೇಳಿಬಿಟ್ಟೆ.

ಡಾಕ್ಟರು ಹೊಟ್ಟಿ ಒತ್ತಿ ನೋಡಿದ್ರು. "ಒಂದು ಹೊಲಿಗೀನೂ ಅಲುಗಿಲ್ಲಲ್ಲ! ಅಂಥಾ ಸಿನಿಮಾ ನೋಡಿ ನಗಿ ಹೆಂಗ ತಡಕೊಂಡ್ರಿ?"

ನಮ್ಮವರು ಶಾಂತಾಗಿ ಹೇಳಿದ್ರು, "ನಗಿ ಬಂದಾಗೆಲ್ಲಾ ಇಕಿ ಮಾರಿ ನೋಡ್ತಿದ್ದೆ, ಸಾಹೇಬ್ರ."

ಡಾಕ್ಟರು ಹೊಟ್ಟಿ ಹಿಡಕೊಂಡು ನಕ್ರು. ಅವರಿಗೇನ್ರಿ, ಹೊಲಿಗಿ ಹಾಕಿರಲಿಲ್ಲ.