ಚೀಲದ ತಳ ನೋಡುವ ಮಾವ

ನಮ್ಮ ಸೋದರಮಾವನ ಮಾತನ್ನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯೆಲ್ಲ ನಂಬುತ್ತದೆ. ಅವನು ಮಾತ್ರ ತನ್ನ ಬಲಗೈಯೊಂದನ್ನು ಬಿಟ್ಟು ಮತ್ತೇನನ್ನೂ ನಂಬುವುದಿಲ್ಲ! ಚೀಲದ ಬಾಯಿ ನೋಡಿ ದರ್ಜೆ ಹೇಳಿದವನೇ ಅಲ್ಲ. ತೋಳಿನ ತನಕ ಕೈ ಇಳಿಸಿ ತಳದ ಕಾಯಿ ಎಳೆಯಬೇಕು, ಮುರಿಯಬೇಕು, ಮೂಸಬೇಕು, ಸೀನಬೇಕು. ಆಮೇಲೆಯೇ ಮಾತು. "ಮ್ಯಾಲೆ ಎಲ್ಲಾರೂ ಚಂದದ ಕಾಯೀನ ಇಟ್ಟಿರ್ತಾರ" ಎನ್ನುತ್ತಾನೆ.

ಇದು ಪೇಟೆಯಲ್ಲೇ ಮುಗಿದಿದ್ದರೆ ಯಾರ ತಕರಾರೂ ಇರಲಿಲ್ಲ. ನನಗೆ ಗಂಡು ನೋಡಲು ಹೋದಾಗ ಪಡಸಾಲೆಯಲ್ಲಿ ಚಹಾ ಆರುತ್ತಿದ್ದರೆ, ಇವನು ಸೀದಾ ಹಿತ್ತಿಲಿಗೆ ನಡೆದು ಎಮ್ಮೆ ಕಟ್ಟಿದ ಗೋದಲಿ ನೋಡಿ ಬಂದ! "ಎಮ್ಮಿ ಮೈತುಂಬಿಕೊಂಡೈತಿ, ಹುಡುಗ ಅಡ್ಡಿಯಿಲ್ಲ" ಎಂದು ಎಲ್ಲರೆದುರು ಸಾರಿದ. ನನ್ನ ಗಂಡ ಇವತ್ತಿಗೂ ಆ ಎಮ್ಮೆಗೆ ಋಣಿ.

ಇಂಥವನಿಗೆ ಪ್ರವೇಶ ಪರೀಕ್ಷೆ ಎಂಬುದು ಅರಗುವುದುಂಟೆ? ನನ್ನ ಮಗಳಿಗೆ ಬೀಜ, ಬೆಳೆ ಎಂದರೆ ಹುಚ್ಚು. ಅದನ್ನು ಕಲಿಸುವ ಒಂದು ವಿಶ್ವವಿದ್ಯಾಲಯದ ಹೆಸರು ಬಿಟ್ಟು ಬೇರೆ ಹೆಸರು ಎತ್ತುತ್ತಿರಲಿಲ್ಲ. ಪರೀಕ್ಷೆಯ ದಿನವೇ ಜ್ವರ ಬಂದು ಅಂಕ ಕಡಿಮೆ ಬಿದ್ದವು. ಸೀಟು ಹಂಚಿಕೆಯ ಕೊನೆಯ ಸುತ್ತಿಗೆ ಉಳಿದದ್ದು ಒಂದೇ ಸೀಟು.

"ಹನ್ನೆರಡು ವರ್ಷದ ಓದು ಮೂರು ತಾಸಿನಾಗ ಹ್ಯಾಂಗ ನೋಡ್ತಾರ? ಬರೇ ಚೀಲದ ಬಾಯಿ ನೋಡಿದಂಗಾತಲ್ಲ!" ಎಂದು ಮಾವ ಕೂಗಾಡಿದ.

ಆ ಸುತ್ತಿಗೆಂದು ಹಾವೇರಿಗೆ ಕರೆದ ದಿನ ಅವನು ಒಂದು ಮೆಣಸಿನಕಾಯಿ ಚೀಲ ಹೊತ್ತು ನಮ್ಮೊಂದಿಗೆ ಬಸ್ ಹತ್ತಿದ. ಅಧಿಕಾರಿಯ ಮೇಜಿನ ಮೇಲೆ ಅದನ್ನು ಬಿಚ್ಚಿದಾಗ, ಭೂಮಿ ಬಾಯ್ದೆರೆಯಬಾರದೆ ಅನ್ನಿಸಿತು ನನಗೆ. ಒಳಗೆ ಒಂದನೇ ಇಯತ್ತೆಯಿಂದ ಮಗಳು ಬರೆದ ನೋಟುಬುಕ್ಕುಗಳು! ರದ್ದಿಗೆ ಹಾಕು ಎಂದು ನಾನೇ ವರ್ಷವರ್ಷವೂ ಅವನ ಕೈಗೆ ಕೊಟ್ಟಿದ್ದೆ. ಪುಣ್ಯಾತ್ಮ ಒಂದನ್ನೂ ಹಾಕಿರಲಿಲ್ಲ.

"ತಳದಾಗಿಂದ ತಗದು ನೋಡ್ರಿ ಸಾಹೇಬ್ರ" ಎಂದ.

ಅಧಿಕಾರಿ ಎರಡು ಸಲ ಸೀನಿದರು. ಸಿಟ್ಟಾಗಲಿಲ್ಲ. "ನೋಡಬೌದ್ರಿ ಅಜ್ಜಾರ. ಆದ್ರ ಹೊರಗ ನಿಂತ ಹುಡುಗೀನ್ನೂ ನೋಡ್ರಿ. ಐರಣಿಯಿಂದ ಒಬ್ಬಾಕೀನ ಬಂದಾಳ. ನಿಮ್ಮ ಹುಡುಗಿಗಿಂತ ಎರಡು ಅಂಕ ಹೆಚ್ಚು ಅದಾವ. ಆಕೀ ಚೀಲಾ ಹೊತ್ತು ತರವ್ರು ಯಾರದಾರ?"

ಮಾವ ತಿರುಗಿ ನೋಡಿದ. ಆ ಹುಡುಗಿ ಕಾಗದಪತ್ರಗಳನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. "ಖರೇ ಐತ್ರಿ" ಎಂದು ಚೀಲ ಕಟ್ಟಿದ. ಹೊರಗೆ ಬಂದು ಅವಳಿಗೆ, "ಹೋಗವಾ, ಒಳಗ ಕರಿಯಾಕತ್ತಾರ" ಎಂದ. ನನಗೆ ಅವನ ಮೇಲೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು. ಆ ಸೀಟು ಯಾರದಾಗಬೇಕಿತ್ತು? ಎರಡು ಅಂಕಕ್ಕೆ ಗೊತ್ತಿರಬಹುದು, ನನಗಂತೂ ಗೊತ್ತಿಲ್ಲ.

ಮರಳುವ ಬಸ್ಸಿನಲ್ಲಿ ಮಗಳು ಕಿಟಕಿಗೆ ಮುಖ ಮಾಡಿ ಅಳುತ್ತಿದ್ದಳು. ಪಕ್ಕದಲ್ಲಿ ಮಾವ ಚೀಲದೊಳಗೆ ತೋಳಿನ ತನಕ ಕೈ ಇಳಿಸಿ ತಳದ ನೋಟುಬುಕ್ಕು ತೆಗೆದ. ಒಂದೊಂದೇ ಹಾಳೆ ತಿರುವತೊಡಗಿದ. ಅವನಿಗೆ ಓದಲು ಬರುವುದಿಲ್ಲ. ಮೋಟೆಬೆನ್ನೂರು ದಾಟಿದರೂ ತಿರುವುತ್ತಲೇ ಇದ್ದ.

ನಮ್ಮ ಊರು ಬಂದಾಗ ಅವಳ ತಲೆಯ ಮೇಲೆ ಆ ಬಲಗೈ ಇಟ್ಟ.

"ನಾ ನೋಡೇನವಾ, ತಳದ ತನಕ. ಒಂದು ಕಾಯೀನೂ ಕೆಟ್ಟಿಲ್ಲ."